ಜಿಡ್ಡಿನ ಬಾಟಲಿ

"ಅಪ್ಪಾ, ಬರೀ ನೀರು ತಾಗಿದ್ರೂ ಉರೀತಿದೆ!"

ಬಚ್ಚಲುಮನೆಯಿಂದ ಮಗಳು ಕೂಗಿದಾಗ ಕ್ಷೌರಿಕ ತನ್ನ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ. ಅವಳು ಮುಖ ಒರೆಸಿಕೊಳ್ಳದೆಯೇ ಹೊರಗೆ ಬಂದಳು. ಕೆನ್ನೆ ಕೆಂಪಗಾಗಿತ್ತು, ತುಟಿಯ ಮೂಲೆಗಳು ಬಿರಿದಿದ್ದವು, ಮೂಗಿನ ಪಕ್ಕ ಚರ್ಮ ಹಳೆಯ ಗೋಡೆಯ ಸುಣ್ಣದಂತೆ ಎದ್ದಿತ್ತು. ಮೊಡವೆಗಳು ಮಾತ್ರ ಜಪ್ಪಯ್ಯ ಎಂದರೂ ಕದಲದೆ ಕೂತಿದ್ದವು.

"ಔಷಧಿ ಕೆಲಸ ಮಾಡ್ತಿದೆ ಕಣೇ. ಹಳೇ ಚರ್ಮ ಹೋಗಿ ಹೊಸದು ಬರಬೇಕಲ್ಲ," ಎಂದ. ದನಿ ಅವನಿಗೇ ಟೊಳ್ಳಾಗಿ ಕೇಳಿಸಿತು.

ಚರ್ಮದ ಡಾಕ್ಟರು ಕೊಟ್ಟದ್ದು ಎರಡು. ರಾತ್ರಿ ಹಚ್ಚಲು ಸಣ್ಣದೊಂದು ಟ್ಯೂಬು, ಅದರ ಜೊತೆಗೆ ಚರ್ಮ ಒಣಗದಿರಲೆಂದು ಒಂದು ಬಾಟಲಿ ಮಾಯಿಶ್ಚರೈಸರ್. ಅದನ್ನು ಅಂಗೈಗೆ ಸುರಿದು ಉಜ್ಜಿ ನೋಡಿದ್ದ ಅವನು, "ಮೊಡವೆ ಮುಖಕ್ಕೆ ಯಾರಾದ್ರೂ ಜಿಡ್ಡು ಬಳೀತಾರಾ? ಇನ್ನಷ್ಟು ಏಳ್ತವೆ ಅಷ್ಟೇ. ದಿನಾ ಮುಖ ನೋಡೋನು ನಾನು, ನಂಗೆ ಗೊತ್ತಿಲ್ವಾ?" ಎಂದಿದ್ದ. ಬಾಟಲಿ ಅಂಗಡಿ ಸೇರಿತು. ಗಡ್ಡ ಹೆರೆದ ಮೇಲೆ ಗಿರಾಕಿಗಳ ಗಲ್ಲಕ್ಕೆ ಅದನ್ನೇ ಸವರುತ್ತಿದ್ದ. "ಆಹಾ, ಏನು ತಂಪಾಗಿದೆಯಪ್ಪ!" ಎಂದು ಅವರು ಕಣ್ಣು ಮುಚ್ಚುತ್ತಿದ್ದರು.

ಅಂದು ಮಧ್ಯಾಹ್ನವೇ ಮಗಳು ಕೆಲಸದಿಂದ ವಾಪಸಾದಳು. ಕನ್ನಡಕದಂಗಡಿಯ ಕೆಲಸ ಅವಳಿಗೆ ಇನ್ನೂ ಹೊಸತು. ಗಿರಾಕಿಗಳ ಮುಖಕ್ಕೆ ಫ್ರೇಮು ಇಟ್ಟು, ಕಿವಿಯ ಹಿಂದೆ ಕಡ್ಡಿ ಸರಿಪಡಿಸಿ, ಕನ್ನಡಿ ಹಿಡಿಯಬೇಕು. ಒಬ್ಬಾಕೆ "ಅಂಟುರೋಗ ಏನಮ್ಮ?" ಎಂದು ಮುಖ ಹಿಂದಕ್ಕೆ ಎಳೆದುಕೊಂಡಳಂತೆ. ಮಾಲೀಕರು ಸಿಟ್ಟು ಮಾಡಲಿಲ್ಲ. "ವಾಸಿ ಮಾಡ್ಕೊಂಡು ಬಾ ತಾಯಿ" ಎಂದು ಮೆತ್ತಗೆ ಕಳಿಸಿಬಿಟ್ಟರು.

"ಬೈದಿದ್ರೆ ತಿರುಗಿ ಏನಾದ್ರೂ ಅನ್ನಬಹುದಿತ್ತು," ಎಂದು ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು.

ಸಂಜೆ ಇಬ್ಬರೂ ಡಾಕ್ಟರ ಬಳಿ ಹೋದರು. ಆಕೆ ದೀಪ ಹತ್ತಿರ ಎಳೆದು ಕೆನ್ನೆ ನೋಡಿದರು.

"ಟ್ಯೂಬ್ ಎಷ್ಟು ಹಚ್ತಿದ್ದೀಯ?"

"ಮುಖ ತುಂಬ. ಬೇಗ ಹೋಗ್ಲಿ ಅಂತ."

"ಇಡೀ ಮುಖಕ್ಕೆ ಬಟಾಣಿ ಕಾಳಷ್ಟು ಅಂದಿದ್ನಲ್ಲ. ಮಾಯಿಶ್ಚರೈಸರ್?"

ಮಗಳು ಒಮ್ಮೆ ಅಪ್ಪನತ್ತ ನೋಡಿದಳು. "ಹಚ್ಚಲಿಲ್ಲ ಮೇಡಂ. ಸೋಮಾರಿತನ."

"ಓದಿದ ಹುಡುಗಿ ನೀನು! ಅದು ಈ ಟ್ಯೂಬಿನ ಜೋಡಿ ಕಣಮ್ಮ, ಅಲಂಕಾರಕ್ಕಲ್ಲ. ಅದಿಲ್ದೆ ಇದನ್ನ ಹಚ್ಚಿದ್ರೆ ಚರ್ಮ ತಡಕೊಳ್ಳುತ್ತಾ?"

ಕ್ಷೌರಿಕ ಕುರ್ಚಿಯ ಅಂಚಿಗೆ ಸರಿದ, ಮತ್ತೆ ಹಿಂದಕ್ಕೆ ಒರಗಿದ. ಮಗಳು ತಲೆ ತಗ್ಗಿಸಿ ಅವನ ಪಾಲಿನ ಬೈಗುಳವನ್ನೆಲ್ಲ ಕೇಳಿಸಿಕೊಂಡಳು. ಡಾಕ್ಟರು ಹೊಸ ಕ್ರಮ ಹೇಳಿದರು: ಉರಿ ಆರುವವರೆಗೆ ಟ್ಯೂಬು ಬೇಡ, ಬರೀ ಮಾಯಿಶ್ಚರೈಸರ್. ಆಮೇಲೆ ಮೊದಲು ಅದನ್ನು ಹಚ್ಚಿ ಟ್ಯೂಬು, ಅದೂ ರಾತ್ರಿ ಬಿಟ್ಟು ರಾತ್ರಿ. ಮೊಡವೆ ಇಳಿಯಲು ತಿಂಗಳುಗಳೇ ಬೇಕು.

"ಅಷ್ಟು ದಿನಾನಾ?" ಎಂದ ಅವನು. "ಬೇಗ ಆಗೋ ದಾರಿ ಯಾವುದೂ ಇಲ್ವಾ?"

"ಬೇಗ ಆಗ್ಲಿ ಅಂತ ಹೋಗಿಯೇ ಅಲ್ವಾ ಹೀಗಾಗಿದ್ದು?"

ಮೆಟ್ಟಿಲಿಳಿಯುವಾಗ ಅವನು ಕೇಳಿದ: "ಯಾಕೆ ಹಾಗಂದೆ? ಅಪ್ಪನೇ ಬೇಡ ಅಂದ ಅನ್ನಬಾರದಿತ್ತಾ?"

"ಅಂದಿದ್ರೆ ಉರಿ ಕಮ್ಮಿ ಆಗ್ತಿತ್ತಾ? ಬಿಡಪ್ಪಾ."

ಮರುದಿನ ಅವನು ಅವಳಿಗೆ ಹೇಳಿಯೇ ಕನ್ನಡಕದಂಗಡಿಗೆ ಹೋದ. ಸ್ವಲ್ಪ ಕಾಲಾವಕಾಶ ಕೇಳಿಕೊಂಡು ಬರುವುದೆಂದು ಮಾತಾಗಿತ್ತು. ಗಾಜಿನ ಬಾಗಿಲಾಚೆ ಬೇರೊಬ್ಬ ಹುಡುಗಿ ನಿಂತಿದ್ದಳು. ಮುದುಕರೊಬ್ಬರ ಮೂಗಿನ ಮೇಲೆ ಫ್ರೇಮು ಕೂರಿಸಿ ಏನೋ ಹೇಳಿದಳು, ಮುದುಕರು ನಕ್ಕರು. ಮಾಲೀಕರು ಇವನನ್ನು ಕಂಡು ಹೊರಗೆ ಬಂದರು.

"ನಾನೂ ಏನು ಮಾಡ್ಲಿ ಹೇಳಿ. ಕೌಂಟರ್ ಖಾಲಿ ಬಿಡೋಕಾಗಲ್ಲ," ಎಂದರು.

ಅವನು ಹೂಂಗುಟ್ಟಿ ಕೈಮುಗಿದ. ಯಾಕೆ ಮುಗಿದೆನೆಂದು ಅವನಿಗೂ ತಿಳಿಯಲಿಲ್ಲ.

ಮನೆಯಲ್ಲಿ ಮಗಳು ಮೇಜಿನ ಮೇಲೆ ಹೊದಿಕೆ ಹಾಸಿ ಕೆಲಸದ ನೀಲಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಕೆನ್ನೆಯ ಮೇಲೆ, ಅಂಗಡಿಯಿಂದ ವಾಪಸು ಬಂದ ಬಾಟಲಿಯ ಮಾಯಿಶ್ಚರೈಸರು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

"ಏನಂದ್ರಪ್ಪಾ? ಕಾಯ್ತಾರಂತಾ?"

ಅವನು ಬಾಗಿಲಲ್ಲೇ ನಿಂತ. ಅವಳು ಉತ್ತರಕ್ಕೆ ಕಾಯುತ್ತಲೇ ಕಾಲರಿನ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದಳು. ಚುರ್ರೆಂದು ಹಬೆ ಎದ್ದು ಅವಳ ಮುಖವನ್ನು ಮರೆಮಾಡಿತು.