ಭಾವನ ಕೆಮ್ಮು

ಎಚ್ಚರವಾದಾಗ ಗಿಳಿಗೆ ಹೊಟ್ಟೆ ತನ್ನದಲ್ಲ, ಯಾರೋ ಪಕ್ಕದಲ್ಲಿಟ್ಟು ಹೋದ ಗಂಟು ಅನ್ನಿಸಿತು. ಮೂರು ಕಡೆ ಪುಟ್ಟ ಪಟ್ಟಿ. ಅಪೆಂಡಿಕ್ಸೂ ಇಲ್ಲ, ನೋವೂ ಇಲ್ಲ. ಕೇಳಿದ ದನಿಯನ್ನೆಲ್ಲ ಹಾಗೇ ಒಪ್ಪಿಸುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ಗಿಳಿ ಅಂತಲೇ ಹೆಸರು. ಈಗ ಮಂಚದ ಎರಡೂ ಕಡೆ ಕಂಬಿ ಎತ್ತಿದ್ದರಿಂದ ಪಂಜರವೂ ಸಿಕ್ಕಂತಾಗಿತ್ತು.

"ತೂತುಗಳ ಸುತ್ತ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟಿದ್ದಾರೆ. ಅದು ಇಳಿಯೋಕೆ ಮೊದಲೇ ಈ ಮಾತ್ರೆ ನುಂಗಿ," ಅಂದಳು ಸಿಸ್ಟರ್.

"ಇಲ್ಲದ ನೋವಿಗೆ ಮಾತ್ರೆ ಯಾಕೆ?"

"ಇಲ್ಲ ಅಂತಲ್ಲ. ಇನ್ನೂ ಬಂದಿಲ್ಲ."

ಗಿಳಿ ಬೇಡವೇ ಬೇಡ ಅಂದ. ಮಾತ್ರೆ ನುಂಗಿದರೆ ನೋವಿದೆ ಅಂತಾಯಿತು, ನೋವಿದ್ದರೆ ಮನೆಗೆ ಬಿಡುವುದಿಲ್ಲ ಎಂಬುದು ಅವನ ತರ್ಕ. ನಾಳೆ ಬೆಳಗ್ಗೆ ರೇಡಿಯೋದಲ್ಲಿ ಅವನ ಧ್ವನಿಪರೀಕ್ಷೆ. ಈ ಸರದಿಗಾಗಿ ಕಾದು ಕಾದು ಸೋತಿದ್ದ. ಮೊದಲು ಹೊಟ್ಟೆಪಾಡು, ಹೊಟ್ಟೆಯ ಪಾಡು ಆಮೇಲೆ.

ಸಂಜೆಗೆ ಅಕ್ಕ, ಭಾವ ಬಂದರು. ಭಾವನಿಗೆ ಮಾತಿಗೊಮ್ಮೆ ಗಂಟಲು ಕೆರೆದು ಕೆಮ್ಮುವ ಚಾಳಿ.

"ಏನಯ್ಯಾ, ಕೀಹೋಲ್ ಆಪರೇಶನ್ನಂತೆ! ಖ್ಖೂಂ. ಡಾಕ್ಟ್ರು ಬೀಗ ಹಾಕೋದು ಮರೆತಿಲ್ಲ ತಾನೇ?"

ಗಿಳಿ ನಕ್ಕ. ನಗು ಅರ್ಧಕ್ಕೇ ನಿಂತಿತು. ಹೊಕ್ಕುಳಿನ ಹತ್ತಿರ ಯಾರೋ ಕೊಕ್ಕೆ ಹಾಕಿ ಎಳೆದ ಹಾಗಾಯಿತು. ಮರಗಟ್ಟಿದ್ದ ಹೊಟ್ಟೆ ತನ್ನದೇ ಅಂತ ಈಗ ಖಾತ್ರಿಯಾಯಿತು.

"ಯಾಕೋ ಬೆವರ್ತಿದ್ದೀಯ?" ಅಂದಳು ಅಕ್ಕ.

"ಸೆಕೆ."

"ಇವನ್ನ ನಗಿಸ್ಬೇಡಿ, ಹೊಟ್ಟೆ ಹುಣ್ಣಾಗುತ್ತೆ," ಅಂತ ಅವಳು ಗಂಡನನ್ನು ಗದರಿದಳು.

"ಆಗಿದೆಯಲ್ಲೇ, ಮೂರು ಕಡೆ!"

ಮಗ್ಗುಲಾಗುವಂತಿಲ್ಲ, ನಗುವಂತಿಲ್ಲ, ಅಯ್ಯೋ ಅನ್ನುವಂತಂತೂ ಇಲ್ಲವೇ ಇಲ್ಲ. ಸೀನು ಮೂಗಿನ ತುದಿಗೆ ಬಂದಾಗ ಉಸಿರು ಬಿಗಿಹಿಡಿದು ಅದನ್ನು ವಾಪಸ್ಸು ಕಳಿಸಿದ.

ಅಷ್ಟರಲ್ಲಿ ಡಾಕ್ಟ್ರು ಬಂದರು. "ನೋವು?"

"ಚೂರೂ ಇಲ್ಲ ಸಾರ್. ಮನೆಗೆ ಹೋಗ್ಲಾ?"

"ಒಂದ್ಸಲ ಕೆಮ್ಮಿ ನೋಡೋಣ."

ಕೆಮ್ಮಬೇಕಾದ್ದು ಹೊಟ್ಟೆಯಿಂದ. ಗಿಳಿ ಹೊಟ್ಟೆಯನ್ನು ಕದಲಿಸದೆ, ಬರೀ ಗಂಟಲಿನಿಂದ ಭಾವನ ಕೆಮ್ಮನ್ನು ಕೆಮ್ಮಿದ. "ಖ್ಖೂಂ!" ಅಕ್ಕ ಗಾಬರಿಯಿಂದ ಗಂಡನ ಮುಖ ನೋಡಿದಳು.

"ಭೇಷ್. ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿ, ಹೊರಡಿ."

ಸಿಸ್ಟರ್ ಕಂಬಿ ಇಳಿಸಿದಳು. ದಾರಿ ತೆರೆದಿತ್ತು. ಗಿಳಿ ಮೊಣಕೈ ಊರಿದ. ಹೊಟ್ಟೆ ಬಿಡಲಿಲ್ಲ. ಇನ್ನೊಮ್ಮೆ ಊರಿದ. ಕಣ್ಣು ಕತ್ತಲಿಟ್ಟಿತು. ನಡೆಯೋದನ್ನ ಮಿಮಿಕ್ರಿ ಮಾಡೋದು ಹೇಗೆ? ಎಲ್ಲರೂ ಕಾಯುತ್ತಿದ್ದರು.

"ನೋವು ಸಾರ್," ಅಂದ. ಯಾರದೂ ಅಲ್ಲದ, ಸವೆದ, ತನ್ನದೇ ದನಿ.

"ಮತ್ತೆ ಕೆಮ್ಮು?"

"ಭಾವಂದು."

"ಸರಿ, ಹಾಗಾದ್ರೆ ಡಿಸ್ಚಾರ್ಜೂ ಭಾವಂಗೇ."

ಭಾವ ನಗಲಿಲ್ಲ. ಮೊಬೈಲ್ ತೆಗೆದು, "ರೇಡಿಯೋದವರಿಗೆ ಏನು ಹೇಳ್ಲೋ?" ಅಂತ ಮೆಲ್ಲಗೆ ಕೇಳಿದ.

ಗಿಳಿ ಉತ್ತರಕ್ಕೆ ಉಸಿರೆಳೆದುಕೊಂಡ. ಅದಕ್ಕೂ ಹೊಟ್ಟೆ ಬೇಕಿತ್ತು. ಬರಲ್ಲ ಅಂತ ತಲೆಯಾಡಿಸಿ, ಸಿಸ್ಟರ್ ಕಡೆಗೆ ಬಾಯಿ ತೆರೆದ. ಅವಳು ಮಾತ್ರೆ ಹಾಕಿ, ನೀರು ಕುಡಿಸಿ, ಕಂಬಿ ಮೇಲೆತ್ತಿದಳು.