ಇಳಿಯದ ಗೆರೆ

ಸೂರ್ಯನಿಂದ ಹರಿದುಬರುವ ಕಣಗಳ ಗಾಳಿ ಒಮ್ಮೊಮ್ಮೆ ಆಘಾತದ ಅಲೆಯಾಗಿ ಭೂಮಿಯ ಕಾಂತಕ್ಷೇತ್ರವನ್ನು ಅದುಮುತ್ತದೆ. ಆಗ ನೆಲದ ಮೇಲೂ ಕಾಂತಬಲ ತುಸು ಜಿಗಿದು, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವ ಪ್ರೋಗ್ರಾಂ ಬರೆದಿದ್ದೆ. ಒಂದಾದರೂ ನಿಜವಾದ ಅಳತೆಯ ಜೊತೆ ಅದು ತಾಳೆಯಾಗದಿದ್ದರೆ ಪಿಎಚ್.ಡಿ. ಸಿಗದು ಎಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಕಾಂತಬಲವನ್ನು ಅಳೆದು ಹಾಳೆಯ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಹಂಗಳದಲ್ಲಿ, ಪುಟ್ಟಮಾದುವಿನ ಮನೆಗೆ ಅಂಟಿಕೊಂಡ ಕೋಣೆಯಲ್ಲಿತ್ತು. ನೋಡಿಕೊಳ್ಳುವವನು ಅವನೇ.

2005ರ ಬೇಸಿಗೆಯ ಒಂದು ದಿನ, ಉಪಗ್ರಹದ ಅಂಕಿಗಳನ್ನು ಹಾಕಿದಾಗ ಪ್ರೋಗ್ರಾಂ 11:14ಕ್ಕೆ ಸಣ್ಣದೊಂದು ಜಿಗಿತ ಎಂದಿತು. ಹಂಗಳದ ಗೆರೆ ದೊಡ್ಡದಾಗಿ ಜಿಗಿದದ್ದು 11:40ಕ್ಕೆ. ತಪ್ಪು ನನ್ನದೇ ಇರಬೇಕೆಂದು ಪ್ರೋಗ್ರಾಮಿನಲ್ಲಿ ಗಾಳಿಯ ವೇಗ ತಗ್ಗಿಸಿ, ಸಾಂದ್ರತೆ ಏರಿಸಿ, ಮೂರು ವಾರದಲ್ಲಿ ಎರಡನ್ನೂ ಹೊಂದಿಸಿದೆ. ಆದರೆ ಹಂಗಳದ ಗೆರೆ ಮರುದಿನವೂ ಇಳಿದಿರಲಿಲ್ಲ, ಮರುವಾರವೂ ಇಳಿದಿರಲಿಲ್ಲ.

ಪುಟ್ಟಮಾದುವಿನ ಮೇಲೆ ಅನುಮಾನ ಬಂತು. ಹತ್ತಿರ ಕಬ್ಬಿಣವಿದ್ದರೂ ಗೆರೆ ಮೇಲೇರಿ ಅಲ್ಲೇ ನಿಲ್ಲುತ್ತದೆ; ಬೈಕನ್ನು ಯಂತ್ರದ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಿರಬೇಕು. ಅವನನ್ನು ಕೆಲಸದಿಂದ ಬಿಡಿಸಬೇಕೆಂದು ಪತ್ರ ಬರೆದು ಚೀಲದಲ್ಲಿಟ್ಟುಕೊಂಡೆ, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಹಂಗಳಕ್ಕೆ ಹೋದೆ.

ಬೈಕಿನ ಮಾತೆತ್ತಿದಾಗ ಅವನು ಕೋಪಿಸಿಕೊಳ್ಳಲಿಲ್ಲ. "ಬೈಕ ಬೇಲಿ ಒಳೀಕೆ ತಂದೇ ಇಲ್ಲ ಕಣಿ ಮೇಡಮ್ಮೋರೆ. ಬೇಕಾರೆ ಚಕ್ರದ ಗುರ್ತ ನೋಡಿ," ಎಂದ.

ನೋಡಿದೆ. ಗುರುತು ಬೇಲಿಯಾಚೆಗೇ ನಿಂತಿತ್ತು. ಆದರೂ ನಂಬದೆ, ಯಂತ್ರದ ಗೋಡೆಯ ಇನ್ನೊಂದು ಮಗ್ಗುಲಲ್ಲಿ ಏನಿದೆಯೆಂದು ಕೇಳಿದೆ. ಅವನ ಹೆಂಡತಿ ಕರಿಬಸಮ್ಮ ಕತ್ತಲೆಯ ಕೋಣೆಯೊಂದಕ್ಕೆ ಕರೆದೊಯ್ದಳು. ಅದೇ ಗೋಡೆಗೆ ಒತ್ತಿಕೊಂಡ ಮಂಚದಲ್ಲಿ ಅವರ ಬಾಣಂತಿ ಮಗಳು, ಪಕ್ಕದಲ್ಲಿ ಕೂಸು. ದಿಂಬಿನ ಕೆಳಗಿಂದ ಕುಡುಗೋಲಿನ ಮೊನೆ ಇಣುಕುತ್ತಿತ್ತು.

ಯಾವತ್ತಿನಿಂದ ಇದೆ ಎಂದು ಕೇಳಿದೆ. ಅವಳು ಹೇಳಿದ್ದು ಗೆರೆ ಜಿಗಿದ ಅದೇ ದಿನ.

"ಆಸ್ಪತ್ರೆಯಿಂದ ಅನ್ನೊಂದೂವರೆ ಬಸ್ಸಲ್ಲಿ ಇಳುದ್ರು. ಮಲುಗುಸ್ದೇಟ್ಗೆ ಕುಡ್ಲು ಮಡುಗ್ದೆ. ಕೂಸ್ನ ತಾವ ಕಬ್ಬುಣ ಇಲ್ದೆ ಇದ್ದದಾ? ನಿಮ್ಮವ್ವ ಮಡುಗಿರ್ನಿಲ್ವಾ ನಿಮ್ಗೆ?"

ಇಟ್ಟಿದ್ದಳು. ಚಿಕ್ಕಂದಿನಲ್ಲಿ ಎಷ್ಟೋ ತೊಟ್ಟಿಲುಗಳಲ್ಲಿ ಅದನ್ನು ಕಂಡಿದ್ದೆ. ಬೈಕಿನ ಕಬ್ಬಿಣ ನೆನಪಾಗಿತ್ತು, ಇದು ಆಗಿರಲಿಲ್ಲ. ತೆಗೆಯಿರಿ ಎನ್ನಲು ಮನಸ್ಸು ಬರಲಿಲ್ಲ.

ವಾಪಸು ಬಸ್ಸಿನಲ್ಲಿ ಆ ದಿನದ ಗೆರೆಯ ಹಾಳೆ ಬಿಚ್ಚಿದೆ. 11:14ರಲ್ಲಿ ಒಂದು ಪುಟ್ಟ ಉಬ್ಬು. ಅದರ ಮೇಲೆ ನಾನೇ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು 'ಅಡಚಣೆ' ಎಂದು ಬರೆದಿದ್ದೆ. ಮೂರು ವಾರ ಸೂರ್ಯನ ಗಾಳಿಯನ್ನು ನಾನು ತಿದ್ದಿದ್ದು ಒಂದು ಕುಡುಗೋಲಿಗೆ ಹೊಂದಿಸಲು.

ಮರುದಿನ, ನಾನು ತಿದ್ದುವ ಮೊದಲಿದ್ದ ಹಳೆಯ ಅಂಕಿಗಳನ್ನೇ ಮತ್ತೆ ಹಾಕಿದೆ. ಉಬ್ಬಿನ ಎತ್ತರವೂ ತಾಳೆಯಾಯಿತು. ಚೀಲದಲ್ಲಿದ್ದ ಪತ್ರವನ್ನು ಅದಕ್ಕೂ ಮೊದಲೇ, ಬಸ್ಸಿನಲ್ಲೇ, ಹರಿದುಹಾಕಿದ್ದೆ.