ಕೇಳುವ ಮೊದಲೇ ಬರುವ ಕೈ

ಗಿರಾಕಿ ಕೈ ಎತ್ತಿ ಕರೆದನೆಂದರೆ ಸಪ್ಲೈಯರ್ ಸೋತ ಹಾಗೆ. ತಾತ ಈ ಮಾತನ್ನು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದ. ಅವರು ಅದನ್ನೇ ಅವನ ಬೆನ್ನ ಹಿಂದೆ, ಅವನದೇ ದನಿಯಲ್ಲಿ ಹೇಳಿ ನಗುತ್ತಿದ್ದರು. ದೊಡ್ಡ ಹೋಟೆಲೊಂದರ ಊಟದ ಹಾಲ್‌ನಲ್ಲಿ ಅವನು ಕೂದಲು ನೆರೆಯುವವರೆಗೆ ದುಡಿದಿದ್ದ. ನೀರಿನ ಲೋಟ ಅರ್ಧಕ್ಕಿಳಿಯುವ ಮೊದಲೇ ತುಂಬಿರಬೇಕು. ಚಮಚ ಕೈಯಿಂದ ಜಾರುವ ಲಕ್ಷಣ ಕಂಡರೆ ಇನ್ನೊಂದು ಚಮಚ ತಟ್ಟೆಯ ಪಕ್ಕ ಬಂದು ಕೂತಿರಬೇಕು. ಗಂಡ ಹೆಂಡತಿ ದನಿ ಏರಿಸುವ ಮುಂಚೆ ಬಿಲ್ಲು ಮೇಜಿನ ಮೇಲಿರಬೇಕು. ಅವನು ಬಂದದ್ದೂ ಹೋದದ್ದೂ ಯಾರಿಗೂ ತಿಳಿಯುತ್ತಿರಲಿಲ್ಲವಾಗಿ ಜೊತೆಯವರು ಅವನಿಗೆ ಬೆಕ್ಕಣ್ಣ ಎಂದು ಹೆಸರಿಟ್ಟಿದ್ದರು. ಊಟ ಮುಗಿಸಿದವರು ಅವನ ಮುಖವನ್ನೂ ನೋಡದೆ ಎದ್ದು ಹೋದರೆ ಅದೇ ಅವನ ಪಾಲಿನ ಸನ್ಮಾನ. ‘ಚೆನ್ನಾಗಿ ಬಡಿಸಿದವನ ಮುಖ ಯಾರಿಗೂ ನೆನಪಿರಬಾರದು. ಕೆಟ್ಟದಾಗಿ ಬಡಿಸಿದವನನ್ನ ಮಾತ್ರ ಜನ ಹೆಸರು ಕೇಳಿ ತಿಳ್ಕೊಂಡು ಹೋಗ್ತಾರೆ’ ಎನ್ನುತ್ತಿದ್ದ.

ಕೆಲಸ ಬಿಟ್ಟ ಮೇಲೆ ಅವನಿಗೆ ಉಳಿದ ಗಿರಾಕಿ ಒಬ್ಬಳೇ, ಮಗಳ ಮಗಳು. ಹುಟ್ಟುವಾಗ ಬೊಗಸೆಯಲ್ಲಿ ಕೂರುವಷ್ಟಿದ್ದಳೆಂದು ಸಾಸಿವೆ ಎಂದು ಕರೆದದ್ದು ಹಾಗೆಯೇ ಅಂಟಿಕೊಂಡಿತ್ತು. ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ದೂರದ ಊರಿಗೆ ಬಸ್ಸು ಓಡಿಸುವ ಅಳಿಯ ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಹಗಲೆಲ್ಲ ಮನೆಯಲ್ಲಿ ತಾತ, ಮೊಮ್ಮಗಳು, ಮತ್ತು ಬಟ್ಟೆ ಒಗೆಯುವ ಮೆಷಿನ್ನು. ಮೆಷಿನ್ನು ತಿರುಗುವುದನ್ನು ಸಾಸಿವೆ ಮೈಮರೆತು ನೋಡುತ್ತಿದ್ದಳು. ನೋಡಿ ಸಾಕಾದರೆ ಬಾಟಲಿಯ ಮುಚ್ಚಳಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ಆ ಸಾಲಿಗೆ ಬೇರೆಯವರ ಕೈ ತಗುಲಿದರೆ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳು.

ಮಗಳು ಮೊದಲು ಮಾತೆತ್ತಿದ್ದು ಮಗುವಿಗೆ ಇನ್ನೂ ಎರಡು ತುಂಬದಿದ್ದಾಗ.

‘ಅಪ್ಪ, ಇವಳು ಯಾವುದನ್ನೂ ಬೆರಳು ಮಾಡಿ ತೋರಿಸಲ್ಲ, ಗಮನಿಸಿದ್ಯಾ? ಕರೆದ್ರೆ ತಿರುಗಲ್ಲ. ಕಿವಿ ಸರಿಯಾಗೇ ಇದೆ ಅಂದ್ರು ಡಾಕ್ಟ್ರು. ತಿಳಿದವರ ಹತ್ರ ತೋರಿಸೋಣ ಅಂತಿದೀನಿ.’

‘ನೀನು ಮೂರು ವರ್ಷ ತುಟಿ ಪಿಟಕ್ ಅಂದಿರಲಿಲ್ಲ. ಆಮೇಲೆ ಶುರು ಹಚ್ಕೊಂಡವಳು ಇವತ್ತಿನ ತನಕ ನಿಲ್ಲಿಸಿಲ್ಲ.’

‘ತಮಾಷೆ ಅಲ್ಲಪ್ಪ.’

‘ಅವಳಿಗೆ ಏನು ಕಮ್ಮಿಯಾಗಿದೆ ಹೇಳು. ಹಸಿವಾದ್ರೆ ಊಟ ಸಿಗುತ್ತೆ, ನಿದ್ದೆ ಬಂದ್ರೆ ಹಾಸಿಗೆ ಸಿಗುತ್ತೆ. ನನಗೆ ಎಲ್ಲ ಗೊತ್ತಾಗುತ್ತಲ್ಲ. ಬಾಯಿ ಬಿಟ್ಟು ಕೇಳೋ ಗ್ರಹಚಾರ ಮಗುಗೆ ಯಾಕೆ?’

ಅವನಿಗೆ ಗೊತ್ತಾಗುತ್ತಿದ್ದುದು ನಿಜ. ಸಾಸಿವೆ ಅಡುಗೆಮನೆಯ ಬಾಗಿಲಲ್ಲಿ ತುದಿಗಾಲಲ್ಲಿ ನಿಂತರೆ ನೀರು, ಎಡಗಿವಿ ಉಜ್ಜಿಕೊಂಡರೆ ನಿದ್ದೆ, ಲಂಗದ ಅಂಚನ್ನು ಸುರುಳಿ ಸುತ್ತತೊಡಗಿದರೆ ಬಿಸ್ಕತ್ತು. ಒಂದು ಹಾಲ್ ತುಂಬ ಜನರನ್ನು ಏಕಕಾಲಕ್ಕೆ ಓದಿದ ಕಣ್ಣಿಗೆ ಒಂದು ಮಗು ಯಾವ ಲೆಕ್ಕ. ಮಗಳು ಸುಮ್ಮನಾದಳು. ಅಪ್ಪನ ಆ ಒಂದು ಮಾತಿನ ಮೇಲೆ ಇಡೀ ಒಂದು ವರ್ಷ ಹೋಗಿ ಕೂತುಬಿಟ್ಟಿತು.

ಅದನ್ನು ಎಬ್ಬಿಸಿದ್ದು ತಾತನ ಜ್ವರ. ಮೈ ಕೆಂಡವಾಗಿ, ಗಂಟಲು ಕಟ್ಟಿ ಅವನು ಒಳಗೆ ಮಲಗಿದ್ದ. ಮಗಳು ರಜೆ ಹಾಕಿ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಹೊರಗೆ ಸಾಸಿವೆ ಕಿರುಚುವುದು ಕೇಳಿಸಿತು. ನಿಲ್ಲಿಸದೆ ಕಿರುಚುತ್ತಿದ್ದಳು, ಹಣೆಯನ್ನು ಗೋಡೆಗೆ ಬಡಿಯುತ್ತಿದ್ದಳು. ‘ಹಾಲು ಬೇಕಾ ಕಂದ? ಬಾಳೆಹಣ್ಣಾ? ಮುಚ್ಚಳ ಬೇಕಾ? ಏನಾಗ್ತಿದೆ ಹೇಳೇ’ ಎಂದು ಮಗಳು ಮನೆಯಲ್ಲಿದ್ದುದನ್ನೆಲ್ಲ ತಂದು ಸುರಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅವಳು ತುದಿಗಾಲಲ್ಲಿ ನಿಂತದ್ದು ತಾತನಿಗೆ ಹಾಸಿಗೆಯಿಂದಲೇ ಕಂಡಿತ್ತು. ನೀರು ಕಣೇ, ನೀರು, ಎಂದು ಅವನ ಒಳಗೆ ಕೂಗಾಗುತ್ತಿತ್ತು. ಗಂಟಲಿಂದ ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ. ಗೋಡೆ ಹಿಡಿದು ಎದ್ದು ಬರುವಷ್ಟರಲ್ಲಿ ಮಗುವಿನ ಹಣೆ ಊದಿತ್ತು. ಅವನು ಕೊಟ್ಟ ಲೋಟವನ್ನು ಅದು ಒಂದೇ ಉಸಿರಿಗೆ ಖಾಲಿ ಮಾಡಿತು. ಮಗಳು ಒಮ್ಮೆ ಲೋಟವನ್ನೂ ಒಮ್ಮೆ ಅಪ್ಪನನ್ನೂ ನೋಡಿದಳು.

‘ನೀನು ಇಲ್ಲದೆ ಹೋದ್ರೆ ನನ್ನ ಮಗಳಿಗೆ ಒಂದು ಲೋಟ ನೀರು ಸಿಗಲ್ಲ’ ಎಂದಳು. ಅದನ್ನು ಹೊಗಳಿಕೆ ಎಂದುಕೊಳ್ಳಲು ತಾತನಿಗೂ ಧೈರ್ಯ ಬರಲಿಲ್ಲ.

ಇಂಥ ಮಕ್ಕಳಿಗೆ ಕಲಿಸುವ ಕೇಂದ್ರ ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಕೋಣೆಯಲ್ಲಿ ಕುರ್ಚಿಗಳಿರಲಿಲ್ಲ, ಎಲ್ಲರೂ ನೆಲದ ಮೇಲೆ. ಗೊಂಬೆಗಳೆಲ್ಲ ಒಳಗಿದ್ದುದು ಕಾಣುವಂಥ ಡಬ್ಬಿಗಳಲ್ಲಿದ್ದವು, ಡಬ್ಬಿಗಳ ಮುಚ್ಚಳಗಳು ಮಕ್ಕಳ ಕೈಗೆ ಬರದಷ್ಟು ಬಿಗಿಯಾಗಿದ್ದವು. ಇದೆಂಥ ಏರ್ಪಾಡು, ತಲೆಕೆಟ್ಟವರು ಯಾರೋ ಜೋಡಿಸಿದ್ದಾರೆ ಎಂದುಕೊಂಡ ತಾತ. ಟೀಚರಮ್ಮ ಎಂದರೆ ತನ್ನ ಮಗಳಿಗಿಂತ ಚಿಕ್ಕವಳು. ಬಂದವಳೇ ಸಾಸಿವೆಯ ಎದುರು ಬೋರಲು ಮಲಗಿದಳು, ಅವಳು ಮುಚ್ಚಳ ಜೋಡಿಸಿದರೆ ತಾನೂ ಒಂದು ಮುಚ್ಚಳ ಜೋಡಿಸಿದಳು. ಆಮೇಲೆ ಒಂದು ಪುಟ್ಟ ಶೀಶೆ ತೆಗೆದು ಸೋಪಿನ ಗುಳ್ಳೆಗಳನ್ನು ಊದಿದಳು. ಸಾಸಿವೆ ಗುಳ್ಳೆಗಳ ಹಿಂದೆ ಹಾರಿದಳು. ಟೀಚರಮ್ಮ ಶೀಶೆಯ ಮುಚ್ಚಳ ಬಿಗಿಮಾಡಿ, ಅದನ್ನು ತನ್ನ ಮುಖದ ಪಕ್ಕ ಹಿಡಿದು, ಹುಬ್ಬೇರಿಸಿ ಸುಮ್ಮನೆ ಕೂತಳು.

ಕೂತೇ ಇದ್ದಳು.

ಗುಳ್ಳೆಗಳಿಗಾಗಿ ಮಗು ಹಾತೊರೆಯುತ್ತಿದೆ, ಕೊಡುವವಳ ಕೈಯಲ್ಲಿ ವಸ್ತು ಇದೆ, ಕೊಡುತ್ತಿಲ್ಲ. ಹೋಟೆಲಿನ ಹಾಲ್‌ನಲ್ಲಿ ಹೀಗೆ ಮಾಡಿದವನನ್ನು ತಾತ ಅದೇ ಸಂಜೆ ಪಾತ್ರೆ ತೊಳೆಯುವ ಕಡೆಗೆ ಅಟ್ಟಿರುತ್ತಿದ್ದ. ಅವನಿಗೇ ಗೊತ್ತಿಲ್ಲದಂತೆ ಅವನು ಎದ್ದಿದ್ದ, ಶೀಶೆ ತೆಗೆದುಕೊಂಡಿದ್ದ, ಮುಚ್ಚಳ ತೆರೆದು ಮಗುವಿಗೆ ಹಿಡಿದಿದ್ದ.

‘ತಾತಾ, ನಿಮ್ಮ ಕೈಗೆ ಬೇರೆ ಏನಾದ್ರೂ ಕೆಲಸ ಕೊಡ್ಲಾ?’ ಎಂದಳು ಟೀಚರಮ್ಮ ನಗುತ್ತ. ‘ಅವಳು ಇನ್ನೇನು ನನ್ನ ಮುಖ ನೋಡೋದ್ರಲ್ಲಿದ್ಲು.’

‘ಮಗು ಒದ್ದಾಡ್ತಿತ್ತಲ್ಲಮ್ಮ.’

‘ಸ್ವಲ್ಪ ಒದ್ದಾಡ್ಲಿ. ಅಳೋಕೆ ಬಿಡಲ್ಲ, ಹೆದರಬೇಡಿ.’ ಆಮೇಲೆ ಅವನ ಮುಖ ಕಂಡು ದನಿ ಇಳಿಸಿದಳು. ‘ಇದು ನೀವು ಮಾಡಿದ್ದಲ್ಲ ತಾತ. ಅವಳು ಹುಟ್ಟಿದ್ದೇ ಹೀಗೆ, ಪ್ರಪಂಚನ ಅವಳದೇ ರೀತೀಲಿ ನೋಡ್ತಾಳೆ. ಇನ್ನೊಬ್ಬರನ್ನ ಕೇಳಿದ್ರೆ ಸಿಗುತ್ತೆ ಅನ್ನೋದು ಬೇರೆ ಮಕ್ಕಳಿಗೆ ತಾನಾಗಿ ಹೊಳೆಯುತ್ತೆ, ಇವಳಿಗೆ ನಾವು ಕಲಿಸ್ಬೇಕು. ಬಾಯಲ್ಲೇ ಕೇಳ್ಬೇಕು ಅಂತಿಲ್ಲ. ಕಣ್ಣಲ್ಲಿ ಕೇಳ್ಲಿ, ಕೈಯಲ್ಲಿ ಕೇಳ್ಲಿ. ಆದ್ರೆ ಕೇಳೋಕೆ ಒಂದು ಕಾರಣ ಬೇಕು ನೋಡಿ. ನೀವು ಕಾರಣ ಉಳಿಸಿಲ್ಲ, ಅಷ್ಟೆ.’

ಆ ‘ಅಷ್ಟೆ’ ಅವನ ಜೊತೆ ಮೆಟ್ಟಿಲಿಳಿದು ಮನೆಗೆ ಬಂತು.

ಮನೆಗೆ ಕೊಟ್ಟ ಪಾಠ ಸುಲಭದ್ದು. ಬಿಸ್ಕತ್ತಿನ ಚಿತ್ರವಿರುವ ಒಂದು ಕಾರ್ಡು. ಬಿಸ್ಕತ್ತು ಗಾಜಿನ ಡಬ್ಬಿಯಲ್ಲಿ, ಕಾಣುವಂತೆ, ಎಟುಕದಂತೆ. ಮಗು ಕಾರ್ಡನ್ನು ಎತ್ತಿ ದೊಡ್ಡವರ ಅಂಗೈ ಮೇಲಿಟ್ಟರೆ ತಕ್ಷಣ ಬಿಸ್ಕತ್ತು. ಇಡುವವರೆಗೆ ಕಾಯಬೇಕು. ಹಗಲು ತಾತ, ಸಂಜೆ ಮಗಳು. ತಾತ ಯಾರಿಗೂ ಹೇಳದೆ ಒಂದು ಹರಕೆ ಹೊತ್ತ ಹಾಗೆ ನಿಶ್ಚಯ ಮಾಡಿಕೊಂಡ. ಇವಳು ಬದುಕಿನಲ್ಲಿ ಮೊದಲ ಸಲ ಯಾರನ್ನಾದರೂ ಏನನ್ನಾದರೂ ಕೇಳಿದರೆ ಅದು ತನ್ನನ್ನೇ ಆಗಿರಬೇಕು. ತಾನು ತಿಂದುಹಾಕಿದ ಆ ಒಂದು ವರ್ಷಕ್ಕೆ ಬೇರೆ ಯಾವ ಪರಿಹಾರವೂ ಅವನಿಗೆ ಹೊಳೆಯಲಿಲ್ಲ.

ಆದರೆ ಲಂಗದ ಅಂಚು ಸುರುಳಿಯಾಗತೊಡಗಿದರೆ ಅವನ ಕೈ ನಿಲ್ಲುತ್ತಿರಲಿಲ್ಲ. ಈಗ ಕೊಡುತ್ತಾಳೆ, ಕೊಟ್ಟೇ ಕೊಡುತ್ತಾಳೆ, ಕೊಟ್ಟ ಹಾಗೇ ಆಯಿತು ಎಂದು ಮನಸ್ಸು ಹೇಳುವಷ್ಟರಲ್ಲಿ ಬಿಸ್ಕತ್ತು ಮಗುವಿನ ಬಾಯಲ್ಲಿರುತ್ತಿತ್ತು. ಸಂಜೆ ಹೊತ್ತಿಗೆ ಸಾಸಿವೆಯ ಹೊಟ್ಟೆ ತುಂಬಿರುತ್ತಿತ್ತು. ಮಗಳು ಡಬ್ಬಿ ಹಿಡಿದು ಕೂತರೆ ಅವಳು ಮೆಷಿನ್ನಿನ ಕಡೆ ನಡೆಯುತ್ತಿದ್ದಳು.

‘ನನ್ನ ಹತ್ರ ತಿರುಗಿ ನೋಡಲ್ಲ. ನಿನ್ನ ಹತ್ರ ಕೊಡ್ತಾಳಾ ಅಪ್ಪ?’

ಅವಳ ಮುಖ ಇಷ್ಟು ಚಿಕ್ಕದಾಗಿತ್ತು. ‘ಕೊಟ್ಲಲ್ಲ ಇವತ್ತು’ ಎಂದುಬಿಟ್ಟ ತಾತ.

ಆ ಮುಖ ಅರಳಿದ ರೀತಿಗೆ ಮರುದಿನವೂ ಅದನ್ನೇ ಹೇಳಬೇಕಾಯಿತು. ಗಿರಾಕಿಗೆ ಏನು ಬೇಕು ಎಂದು ಕೇಳದೆಯೇ ಗೊತ್ತಾಗುವ ವಿದ್ಯೆ ಮಗಳ ವಿಷಯದಲ್ಲೂ ಕೈಕೊಡಲಿಲ್ಲ. ಸುದ್ದಿ ಟೀಚರಮ್ಮನಿಗೂ ಮುಟ್ಟಿತು. ಹಾಗಾದರೆ ಮುಂದಿನ ಪಾಠಕ್ಕೆ ಹೋಗೋಣ, ಎರಡು ಕಾರ್ಡಿನಲ್ಲಿ ಒಂದನ್ನು ಆರಿಸಲಿ ಎಂದಳು. ಕೇಂದ್ರದಲ್ಲಿ ಎರಡು ಕಾರ್ಡು ಮುಂದಿಟ್ಟರೆ ಸಾಸಿವೆ ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಬಂದಳು. ಟೀಚರಮ್ಮ ತಲೆ ಕೆರೆದುಕೊಂಡಳು. ‘ಮನೇಲಿ ಹೇಗೆ ಕೊಡ್ತಾಳೆ ಅಂತ ಫೋನಲ್ಲಿ ಒಂದು ವಿಡಿಯೋ ತೆಗೀತೀರಾ ತಾತ?’

ಆ ದಿನ ತಾತ ನಿಜಕ್ಕೂ ಕಾಯುವ ಸಂಕಲ್ಪ ಮಾಡಿದ್ದ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಕಾರ್ಡನ್ನು ಸ್ಟೂಲಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಕೂತ. ಅವನ ಲೆಕ್ಕದಲ್ಲಿ ಒಂದು ಯುಗವೇ ಕಳೆಯಿತು. ಆಮೇಲೆ, ಇನ್ನು ಇವತ್ತು ಆಗಲಿಕ್ಕಿಲ್ಲ ಅನ್ನಿಸಿದ ಮೇಲೆಯೇ, ಬಿಸ್ಕತ್ತು ಕೊಟ್ಟ. ಅವನ ಆತ್ಮಸಾಕ್ಷಿ ಶುಭ್ರವಾಗಿತ್ತು.

ಕೇಂದ್ರದ ನೆಲದ ಮೇಲೆ ತಾತ, ಮಗಳು, ಟೀಚರಮ್ಮ ಮೂವರೂ ತಲೆ ಕೂಡಿಸಿ ಅದನ್ನು ನೋಡಿದರು. ಯುಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ‘ಇನ್ನೊಂದ್ಸಲ ನೋಡೋಣ’ ಎಂದು ಟೀಚರಮ್ಮ ಅದನ್ನು ನಿಧಾನಗತಿಗೆ ಇಟ್ಟಳು.

ತೆರೆಯ ಮೇಲೆ ಸಾಸಿವೆಯ ಬಲಗೈ ಲಂಗದ ಅಂಚನ್ನು ಬಿಟ್ಟಿತು. ಮೇಲೆದ್ದಿತು. ಸ್ಟೂಲಿನ ಕಡೆಗೆ, ಕಾರ್ಡಿನ ಕಡೆಗೆ ಹೊರಟಿತು. ಅಷ್ಟರಲ್ಲಿ ಎಡಗಡೆಯಿಂದ ಇನ್ನೊಂದು ಕೈ ಬಂತು. ಎಷ್ಟು ಅಚ್ಚುಕಟ್ಟಾದ ಕೈ ಅದು: ಉಗುರು ಕತ್ತರಿಸಿದ್ದು, ಬೆರಳು ಜೋಡಿಸಿದ್ದು, ಒಂದಿಷ್ಟೂ ಸದ್ದಿಲ್ಲದೆ ಸರಿಯಾದ ಎತ್ತರಕ್ಕೆ ಬಿಸ್ಕತ್ತು ಹಿಡಿದದ್ದು. ಕಾರ್ಡಿನ ಕಡೆ ಹೊರಟಿದ್ದ ಪುಟ್ಟ ಕೈ ನಡುದಾರಿಯಲ್ಲಿ ನಿಂತಿತು. ಬಿಸ್ಕತ್ತು ತೆಗೆದುಕೊಂಡಿತು. ಲಂಗದ ಅಂಚಿಗೆ ಮರಳಿತು.

ತಾತ ಅವತ್ತು ನೋಡುತ್ತಿದ್ದುದು ಮಗುವಿನ ಮುಖವನ್ನು. ಗಿರಾಕಿಯ ಮುಖವನ್ನು ನೋಡಬೇಕೆಂಬುದು ಅವನು ಕಲಿತ ಮೊದಲ ಪಾಠ. ಅಂಚು ಬಿಟ್ಟು ಹೊರಟ ಕೈಯನ್ನು ಅವನು ನೋಡಿಯೇ ಇರಲಿಲ್ಲ. ಆ ಕೈ ಹೀಗೆ ಹೊರಟು ಹೀಗೆ ಮರಳಿದ್ದು ಇದೇ ಮೊದಲೋ, ಬೆಳಗಿನಿಂದ ಸಂಜೆಯವರೆಗೆ ದಿನಾ ಹೊರಟು ಮರಳುತ್ತಿತ್ತೋ, ಹೇಳಬಲ್ಲವರು ಯಾರೂ ಇರಲಿಲ್ಲ.

‘ಹೊರಟಿದ್ಲು’ ಎಂದಳು ಟೀಚರಮ್ಮ ಮೆಲ್ಲಗೆ. ‘ಅದು ಒಳ್ಳೇ ಸುದ್ದಿ ತಾತ. ಅವಳಿಗೆ ತಿಳಿದಿದೆ.’

ಮಗಳು ಬೀದಿಗಿಳಿಯುವವರೆಗೆ ತಡೆದುಕೊಂಡಳು. ‘ಕೊಡ್ತಾಳೆ ಅಂತ ಯಾಕೆ ಹೇಳ್ದೆ?’

‘ಕೊಟ್ಟೇ ಕೊಡ್ತಿದ್ಲು ಅನ್ನಿಸ್ತಿತ್ತು ಕಣೆ.’

‘ಕೊಡ್ತಿದ್ಲು. ನೀನು ಬಿಟ್ಟಿದ್ರೆ.’ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸ್ಸು ನಿಲ್ಲುವ ಕಡೆಗೆ ಅವಳು ಮುಂದಾಗಿ ನಡೆದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗಾಜಿನ ಡಬ್ಬಿ ಮಗಳ ಸುಪರ್ದಿಗೆ ಹೋಯಿತು. ಅವಳಿಗೆ ಈ ಕೆಲಸ ನೀರು ಕುಡಿದಷ್ಟು ಸಲೀಸು. ದಿನವಿಡೀ ಅಂಗಡಿಯಲ್ಲಿ ಗಾಜು ಬದಲಿಸಿ, ‘ಇದು ಚೆನ್ನಾಗಿ ಕಾಣ್ಸುತ್ತಾ, ಅದಾ?’ ಎಂದು ಕೇಳಿ, ಎಂಥ ಪೆದ್ದ ಗಿರಾಕಿಯಾದರೂ ಅವನೇ ಬಾಯಿ ಬಿಡುವವರೆಗೆ ಸುಮ್ಮನಿರುವುದೇ ಅವಳ ಕಸುಬು. ವಾರ ಕಳೆಯುವುದರೊಳಗೆ ಸಾಸಿವೆ ಅವಳ ಅಂಗೈ ಮೇಲೆ ಕಾರ್ಡಿಟ್ಟಳು. ಮಗಳು ಬಿಸ್ಕತ್ತು ಕೊಟ್ಟು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಅಳಿಯನದು ಇನ್ನೂ ಸೋಜಿಗ. ಸ್ವಂತ ಮನೆಯಲ್ಲಿ ಸಕ್ಕರೆ ಎಲ್ಲಿದೆ ಎಂದು ತಿಳಿಯದ ಆಸಾಮಿ. ಸಾಸಿವೆಗೆ ಏನು ಬೇಕೆಂಬುದು ಅವನಿಗೆ ಖಂಡಿತ ತಿಳಿಯುತ್ತಿರಲಿಲ್ಲ. ಆ ದಡ್ಡತನವೇ ವರವಾಯಿತು. ‘ಏನಮ್ಮ? ಏನು? ಗೊತ್ತಾಗ್ತಿಲ್ವಲ್ಲ ಅಪ್ಪಂಗೆ’ ಎಂದು ಅವನು ಪಿಳಿಪಿಳಿ ಕಣ್ಣು ಬಿಡುವುದನ್ನು ನೋಡಲಾರದೆ ಸಾಸಿವೆ ಕಾರ್ಡಿನ ಮೇಲೆ ಕಾರ್ಡು ತಂದಿಟ್ಟಳು. ನೀರು, ಬಾಳೆಹಣ್ಣು, ಹೊರಗೆ ತಿರುಗಾಟ.

ತಾತನ ಬಳಿ ಮಾತ್ರ ಒಂದೂ ಬರಲಿಲ್ಲ.

‘ನಿಮ್ಮ ಹತ್ರ ಕೇಳೋ ಅಗತ್ಯ ಬೀಳಲ್ಲ ಅಂತ ಅವಳು ಕಲಿತುಬಿಟ್ಟಿದಾಳೆ’ ಎಂದಿದ್ದಳು ಟೀಚರಮ್ಮ. ‘ಕಲಿತಿದ್ದನ್ನ ಬಿಡಿಸೋಕೆ ಟೈಮ್ ಹಿಡಿಯುತ್ತೆ. ನೀವು ಕಾಯ್ತಾ ಇರಿ.’

ಅವನು ಕಾಯುವುದನ್ನು ಕಲಿತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕೂರುವುದು ಅವನೇ ಕಂಡುಕೊಂಡ ಉಪಾಯ. ಹೋಟೆಲಿನಲ್ಲಿ ದೊಡ್ಡವರು ಭಾಷಣ ಮಾಡುವಾಗ ಸಪ್ಲೈಯರುಗಳು ಗೋಡೆಯುದ್ದಕ್ಕೂ ಹಾಗೆಯೇ ನಿಲ್ಲುತ್ತಿದ್ದರು.

ಒಂದು ರಜೆಯ ಬೆಳಗ್ಗೆ ಅವನು ಹಾಗೆ ಕೂತಿದ್ದ. ಸ್ಟೂಲಿನ ಮೇಲೆ ಕಾರ್ಡು, ಪಕ್ಕದ ಕಪಾಟಿನಲ್ಲಿ ಡಬ್ಬಿ. ಅಡುಗೆಮನೆಯಲ್ಲಿ ಮಗಳು ಪಾತ್ರೆ ತೊಳೆಯುತ್ತಿದ್ದಳು. ಸಾಸಿವೆ ಎದುರಿಗೆ ಬಂದು ಕೂತಳು. ಲಂಗದ ಅಂಚು ಸುರುಳಿಯಾಗತೊಡಗಿತು. ತಾತ ಅಲುಗಲಿಲ್ಲ. ಅವಳು ಡಬ್ಬಿಯನ್ನು ನೋಡಿದಳು, ಅವನ ಮಡಿಲನ್ನು ನೋಡಿದಳು. ಬರಬೇಕಾದ ಕೈ ಬರಲಿಲ್ಲ. ಅವಳು ಎದ್ದು, ಅವನನ್ನು ಸುತ್ತಿ ಬಂದು, ಬೆನ್ನ ಹಿಂದೆ ನಿಂತಳು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಏನಾದರೂ ಇದೆಯೇ ಎಂದು ನೋಡಿದಳು. ಇರಲಿಲ್ಲ. ಕೇಳು ಪುಟ್ಟ, ನನ್ನನ್ನು ಕೇಳು, ಎಂದು ಅವನ ಇಡೀ ಮೈ ಬೇಡಿಕೊಂಡಿತು.

ಸಾಸಿವೆ ಸ್ಟೂಲಿನ ಮೇಲಿದ್ದ ಕಾರ್ಡನ್ನು ಎತ್ತಿಕೊಂಡಳು. ತಾತ ಕೈಗಳನ್ನು ಮುಂದೆ ತಂದು ಅಂಗೈ ಚಾಚಿದ. ಅವಳು ಆ ಅಂಗೈಯನ್ನು ದಾಟಿ ನಡೆದು, ಅಡುಗೆಮನೆಗೆ ಹೋದಳು. ನಲ್ಲಿಯ ಸದ್ದು ನಿಂತಿತು.

‘ಬೇಕು.’

ಸಾಸಿವೆಯ ಮಾತಿನ ದನಿಯನ್ನು ಅವನು ಮೊದಲ ಸಲ ಕೇಳುತ್ತಿದ್ದ. ನೆಗಡಿಯಾದವರ ದನಿಯಂತೆ ಸ್ವಲ್ಪ ದಪ್ಪಗಿತ್ತು. ಹೀಗಿರುತ್ತದೆಂದು ಅವನು ಎಣಿಸಿರಲಿಲ್ಲ.

‘ಅಪ್ಪ’ ಎಂದು ಮಗಳು ಒಳಗಿನಿಂದ ಕರೆದಳು. ‘ಕೇಳಿಸ್ತಾ?’

‘ಕೇಳಿಸ್ತು ಕಣೆ. ತಡ ಮಾಡಬೇಡ, ಡಬ್ಬಿ ಇಲ್ಲಿದೆ, ಬಂದು ತಗೊಂಡು ಕೊಡು.’

ಮಗಳು ಒದ್ದೆ ಕೈಯಲ್ಲೇ ಓಡಿ ಬಂದು ಡಬ್ಬಿ ಒಯ್ದಳು. ಸ್ವಲ್ಪ ಹೊತ್ತಿಗೆ ಸಾಸಿವೆ ಬಿಸ್ಕತ್ತು ಹಿಡಿದು ಹೊರಬಂದಳು. ತಾತನ ಮುಖ ನೋಡದೆ ಹಾದು ಬಂದು, ಅವನ ಮೊಣಕಾಲಿಗೆ ಬೆನ್ನು ಕೊಟ್ಟು ಕೂತು ತಿನ್ನತೊಡಗಿದಳು. ಊಟದ ಹಾಲ್‌ನಲ್ಲಾಗಿದ್ದರೆ ಬೆಕ್ಕಣ್ಣ ಇದಕ್ಕಿಂತ ದೊಡ್ಡ ಸನ್ಮಾನ ಬಯಸುತ್ತಿರಲಿಲ್ಲ.

ಅವಳ ಗಲ್ಲದ ಮೇಲೆ ಬಿಸ್ಕತ್ತಿನ ಪುಡಿ ಅಂಟಿತ್ತು. ಒರೆಸಲು ಅವನ ಕೈ ಆಗಲೇ ಹೊರಟಿತ್ತು. ಅದನ್ನು ಹಿಡಿದು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡ.